ಜಹಾನಾರಕ್ಕ ಬರೆಯದ ಇಪ್ಪತ್ತು ಹೆಸರು

ಜಹಾನಾರಕ್ಕನಿಗೆ ಆ ಕೆಲಸ ಹುಡುಕಿಕೊಟ್ಟೋಳು ನಾನೇ. ಅದಕ್ಕೇ ಅವಳು ಬ್ಯಾಡ ಅಂದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೊದಲೇ ನನಗೆ ಮೂಗಿನ ತುದೀಲೇ ಕೋಪ, ನಮ್ಮ ಓಣೀನಾಗೆ ಯಾರನ್ನ ಕೇಳಿದ್ರೂ ಹೇಳ್ತಾರೆ. ಇವತ್ತು ಅದನ್ನ ನೆನೆಸ್ಕಂಡ್ರೆ ನಾಚಿಕೆ ಆಗುತ್ತೆ. ಆ ಪುಣ್ಯಾತ್ಗಿತ್ತಿ ಬ್ಯಾಡ ಅಂದಿದ್ದು ಒಳ್ಳೇದಾತು, ನೂರು ಸಲ ಒಳ್ಳೇದಾತು.

ನಾನು ಸಂಧ್ಯಾರಾಣಿ. ಹುಟ್ಟಿದ್ದು ಚನ್ನಗಿರಿ ತಾಲೂಕಿನ ನಲ್ಲೂರು, ಕೊಟ್ಟಿದ್ದು ನ್ಯಾಮತಿಗೆ. ಮದುವೆಯಾಗಿ ಬಂದ ವಾರದಾಗೆ ನಮ್ಮತ್ತೆ ಅನ್ನಪೂರ್ಣಮ್ಮ ನನ್ನನ್ನ ಜಹಾನಾರಕ್ಕನ ಮನೆಗೆ ಕರ್ಕಂಡು ಹೋಗಿ ಬ್ಲೌಸಿನ ಅಳತೆ ಕೊಡಿಸಿದ್ರು. "ಇವಳು ಹೊಲಿದ್ರೆ ಕಂಕುಳಾಗೆ ಹಿಡಿಯಲ್ಲ ಕಣೇ" ಅಂದಿದ್ರು. ಹನ್ನೊಂದು ವರ್ಷ ಆತು, ಇವತ್ತಿಗೂ ಹಿಡಿದಿಲ್ಲ.

ಅವಳ ಮನೆಯ ಮುಂದಿನ ಕೋಣೇನೇ ಅಂಗಡಿ. ಮೂಲೇನಾಗೆ ಹಳೇ ಸೀರೆಯದೊಂದು ಪರದೆ. ಅದರೊಳಗೆ ಹೋಗಿ ಕೈ ಎತ್ತಿ ನಿಂತ್ರೆ ಸಾಕು, ಏನು ಮಾಯೇನೋ, ಹೆಂಗಸರ ಬಾಯಿ ತಾನಾಗೇ ಬಿಚ್ಕಂತದೆ. ಟೇಪು ಹಿಡಿದ ಜಹಾನಾರಕ್ಕನ ತುಟಿ ನಡುವೆ ಗುಂಡುಸೂಜಿ ಇರ್ತವೆ. ನಡುವೆ ಬಾಯಿ ಹಾಕಾಕೆ ಆಗಲ್ಲ, ಬುದ್ಧಿ ಹೇಳಾಕೂ ಆಗಲ್ಲ. ಬರೀ "ಹ್ಞೂಂ" ಅಂತಾಳೆ. ಇನ್ನೇನು ಬೇಕು ಹೇಳ್ರಿ ನಮಗೆ? ಗಂಡ ಕುಡಿದು ಬಂದಿದ್ದು, ಮಗಳನ್ನ ನೋಡಿ ಹೋದ ಗಂಡು ಫೋನೇ ಮಾಡದೆ ಹೋಗಿದ್ದು, ಯಾರ ಮನೇನಾಗೆ ಪಾಲಾಗ್ತೈತೆ, ಯಾರು ಪಾಯ ತೆಗೆಸಾಕೆ ಹೊಂಟಾರೆ, ಎಲ್ಲ ಅಲ್ಲಿ ಹೊರಗೆ ಬೀಳ್ತದೆ. ಗೋವಿನಕೋವಿ, ಸವಳಂಗದಿಂದ ಬರೋರೂ ಇದಾರೆ. ಬ್ಲೌಸು ಒಂದು ನೆಪ ಅಷ್ಟೆ.

ಹೊಲಿಗೆ ಕಲಿಯಾಕೆ ಬರೋ ಹುಡುಗೀರಿಗೆ ಅವಳು ಮೊದಲನೇ ದಿನ ಕತ್ತರಿ ಕೊಡಲ್ಲ. "ಅಳತೆ ತಗಳೋವಾಗ ಕೇಳಿದ್ದನ್ನ ಹೊರಗೆ ಹೊತ್ಕಂಡು ಹೋಗೋರು ನನ್ನ ಹತ್ರ ಬರಬ್ಯಾಡ್ರಿ" ಅಂತಾಳೆ. ಮಾತು ಮೀರಿದ ಒಬ್ಬಳನ್ನ ಹದಿನೈದೇ ದಿನದಾಗೆ ಮನೆಗೆ ಕಳಿಸಿದ್ದನ್ನ ನಾನೇ ಕಣ್ಣಾರೆ ನೋಡೀನಿ.

ನಾನೂ ಆ ಪರದೆ ಒಳಗೆ ಒಂದು ಗುಟ್ಟು ಹೇಳಿದ್ದೆ. ಮೂರು ವರ್ಷದ ಹಿಂದೆ ನಮ್ಮನೆಯವರು ನನ್ನ ಹೆಸರಿಗೆ ಸವಳಂಗ ರಸ್ತೇನಾಗೆ ಒಂದು ಸೈಟು ತಗಂಡ್ರು. ಅತ್ತೆ, ಭಾವ, ಓರಗಿತ್ತಿ, ಮಕ್ಕಳು ಎಲ್ಲ ಒಂದೇ ಮನೇನಾಗೆ ಇರೋರು ನಾವು. ವಿಷಯ ಗೊತ್ತಾದ್ರೆ ಮನೆ ಒಡೆಯಾಕೆ ಬಂದ ಸೊಸೆ ಅಂತಾರೆ ಅಂತ ಯಾರಿಗೂ ಹೇಳಲಿಲ್ಲ. ನನ್ನ ತವರಿಗೂ ಹೇಳಲಿಲ್ಲ. ಹೊಟ್ಟೆಯಾಗೆ ಇಟ್ಕಳಾಕೆ ಆಗದೆ ಜಹಾನಾರಕ್ಕಂಗೆ ಹೇಳಿಬಿಟ್ಟೆ. ಎಲ್ಲಿ ಅಡುಗೆಮನೆ, ಎಲ್ಲಿ ಅತ್ತೆ ಕೋಣೆ, ಎಲ್ಲಾನೂ. ಅವಳು ತೋಳಿನ ಅಳತೆ ಬರಕಂಡು, ಸೂಜಿ ತೆಗೆದು ಪಕ್ಕಕ್ಕಿಟ್ಟು, "ಅತ್ತೆಗೆ ಹೇಳಿಬಿಡು" ಅಂದ್ಲು. ಆಮೇಲೂ ನಾಲ್ಕೈದು ಸಲ ಅಷ್ಟೇ ಅಂದಿದ್ಲು. ನಾನು ಕೇಳಬೇಕಲ್ಲ!

ಹೋದ ವರ್ಷ ಅವಳ ಕಣ್ಣು ಕೈಕೊಟ್ಟವು. ಕನ್ನಡಕ ಬಂತು, ಆದ್ರೂ ಸಂಜೆ ಆದ್ರೆ ಸೂಜಿಗೆ ದಾರ ಪೋಣಿಸಾಕೆ ಆಗ್ತಿರಲಿಲ್ಲ. ಹುಕ್ಸು ಹಚ್ಚೋದು, ಗುಂಡಿಗೆ ಕಾಜಾ ಮಾಡೋದು ಅಂಥ ಸಣ್ಣ ಕೆಲಸ ಮಾಡಬ್ಯಾಡ ಅಂತ ಡಾಕ್ಟ್ರು ಹೇಳಿದ್ರು. ಮಗಳು ಮದೀಹಾ ದಾವಣಗೆರೇಲಿ ಎರಡನೇ ವರ್ಷದ ನರ್ಸಿಂಗ್. ಗಂಡ ಗೌಸ್‌ಪೀರಣ್ಣಂದು ಪಂಕ್ಚರ್ ಅಂಗಡಿ, ಅದರಾಗೆ ಮನೆ ಮಾತ್ರ ನಡೀತೈತೆ. ಫೀಸು ನಡೀತಿದ್ದಿದ್ದು ಜಹಾನಾರಕ್ಕನ ಮಿಷನ್ನಿನ ಮೇಲೆ.

ನಮ್ಮಣ್ಣ ಸಿದ್ದಲಿಂಗೇಶ್ ಹೊನ್ನಾಳೀಲಿ ಮನೆ ಸಾಲ ಕೊಡೋ ಒಂದು ಕಂಪನಿಯ ಮ್ಯಾನೇಜರ್. ಮನೆಮನೆಗೆ ಹೋಗಿ ಗಿರಾಕಿ ಹಿಡಿಯಾಕೆ ಒಬ್ಬ ಹೆಂಗಸು ಬೇಕು ಅಂತಿದ್ದ. ನಾನು ಫೋನ್ ಮಾಡಿ, "ಅಣ್ಣ, ಜಹಾನಾರಕ್ಕನ್ನ ತಗಂಡ್ರೆ ನೀನು ಗೆದ್ದೆ. ಮೂರು ತಾಲೂಕಿನಾಗೆ ಯಾವ ಮನೇನಾಗೆ ಏನು ನಡೀತೈತೆ ಅಂತ ಅವಳ ಹೊಟ್ಟೆಯಾಗೈತೆ" ಅಂತ ಜಂಬ ಕೊಚ್ಚಿದೆ. ನಾನು ಮಾಡಿದ ತಪ್ಪು ಅದೇ. ಅವತ್ತು ಅದು ತಪ್ಪು ಅಂತ ಅನ್ನಿಸಲೇ ಇಲ್ಲ ನೋಡ್ರಿ, ಉಪಕಾರ ಮಾಡ್ತಿದೀನಿ ಅಂತ ಬೀಗ್ತಿದ್ದೆ.

ಬಡ್ಡಿ ವ್ಯವಹಾರ ಅಂತ ಗೌಸ್‌ಪೀರಣ್ಣ ಎರಡು ದಿನ ಮುಖ ಗಂಟಿಕ್ಕಿದ್ದ. ಆಮೇಲೆ, "ನಿನ್ನ ಕಣ್ಣು, ನಿನ್ನ ಮನಸು. ನೀನೇ ನಿರ್ಧಾರ ಮಾಡು" ಅಂದ. ಅವಳು ಒಂದು ವಾರ ಯೋಚನೆ ಮಾಡಿದ್ಲು. ಕೊನೆಗೆ, "ನಡಿ, ಏನು ಕೆಲಸ ಅಂತ ಕೇಳ್ಕಂಡು ಬರಾಣ" ಅಂದ್ಲು. ಇಬ್ಬರೂ ಹೊನ್ನಾಳಿ ಬಸ್ ಹತ್ತಿದ್ವಿ. ಇಸ್ತ್ರಿ ಮಾಡಿದ ಬುರ್ಖಾ ಹಾಕ್ಕಂಡಿದ್ಲು, ಕೈಯಾಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು.

ಅಣ್ಣ ಚೆನ್ನಾಗೇ ಮಾತಾಡಿದ. ಟೀ ತರಿಸಿದ. ತಿಂಗಳಿಗೆ ಹದಿನೆಂಟು ಸಾವಿರ, ಓಡಾಟದ ಖರ್ಚು ಬೇರೆ, ಸಾಲ ಪಾಸಾದಂಗೆಲ್ಲ ಇಷ್ಟಿಷ್ಟು ಅಂತ ಕಮಿಷನ್ನು. ಆಮೇಲೆ ಒಂದು ಹಾಳೆ ಮುಂದಿಟ್ಟ. ಒಂದರಿಂದ ಇಪ್ಪತ್ತರ ತನಕ ನಂಬರ್ ಹಾಕಿದ ಖಾಲಿ ಗೆರೆಗಳು.

"ಸೇರೋವಾಗ ಎಲ್ಲರೂ ಇದನ್ನ ತುಂಬಿ ಕೊಡಬೇಕು ಅಕ್ಕ. ಯಾರು ಸೈಟು ತಗಂಡಾರೆ, ಯಾರು ಬೇರೆ ಆಗ್ತಾರೆ, ಯಾರ ಮನೇನಾಗೆ ಮದುವೆ ಐತೆ. ನಿಮಗೆಲ್ಲ ಬಾಯಿಪಾಠ ಅಂತ ತಂಗಿ ಹೇಳಿದ್ಲು. ಇಪ್ಪತ್ತು ಹೆಸರು ಬರೀರಿ, ನಾಳೆಯಿಂದಲೇ ಬರಬಹುದು" ಅಂದ.

ಅವಳು ಪೆನ್ನು ತಗಂಡ್ಲು. ನಾನು ಖುಷಿಯಾಗಿ ಟೀ ಕುಡೀತಾ ಕುಂತಿದ್ದೆ. ಕಾಲು ಗಂಟೆ ಆತು, ಪೆನ್ನು ಅಲ್ಲಾಡಲಿಲ್ಲ. ಎಲ್ಲ ಮುಖಗಳೂ ಅವಳ ಕಣ್ಣ ಮುಂದೆ ಬಂದಿರಬೇಕು. ಕೊನೆಗೆ ಒಂದನೇ ನಂಬರಿನಾಗೆ ಏನೋ ಬರೆದು ಹಾಳೇನ ಅಣ್ಣನ ಕಡೆ ತಳ್ಳಿದ್ಲು. ಅಣ್ಣ ಜೋರಾಗಿ ಓದಿದ. "ಜಹಾನಾರಾ, ನ್ಯಾಮತಿ. ಶೀಟಿನ ಮನೆ. ಮಳೆಗಾಲದಾಗೆ ಎರಡು ಕಡೆ ಸೋರುತ್ತೆ."

"ಇದೇನಕ್ಕ?" ಅಂದ.

"ನನಗೆ ಹೇಳಾಕೆ ಹಕ್ಕಿರೋದು ಅದೊಂದೇ ಮನೆ ಸಾರ್" ಅಂದ್ಲು. "ಸಂತೇನಾಗೆ ನಿಂತು ಚೀಟಿ ಹಂಚು ಅನ್ರಿ, ಹಂಚ್ತೀನಿ. ಅವರಾಗೇ ಬಂದು ಕೇಳಿದೋರಿಗೆ ಎಲ್ಲಾನೂ ತಿಳಿಸಿ ಹೇಳ್ತೀನಿ. ಅವರು ನನ್ನ ಹತ್ರ ಅಳತೆ ಕೊಡುವಾಗ ಹೇಳಿದ್ದನ್ನ ಬರೆಯಾಕೆ ನನ್ನಿಂದ ಆಗಲ್ಲ."

"ಚೀಟಿ ಹಂಚಾಕೆ ಬೇರೆಯೋರು ಇದಾರೆ ಅಕ್ಕ. ಕಂಪನಿಗೆ ಬೇಕಾಗಿರೋದೇ ನಿಮ್ಮ ಪರಿಚಯ" ಅಂದ ಅಣ್ಣ. ಅವನನ್ನೂ ತಪ್ಪು ಅನ್ನಾಕೆ ಆಗಲ್ಲ, ಅವನ ಕೆಲಸ ಅದು. ಅವಳು ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟು, ಟೀಗೆ ಥ್ಯಾಂಕ್ಸ್ ಹೇಳಿ ಎದ್ಲು.

ಬಸ್ಸಿನಾಗೆ ನಾನು ಸುಮ್ನೆ ಇರೋಳೇ? "ಹದಿನೆಂಟು ಸಾವಿರ ಅಕ್ಕ! ಕಣ್ಣು ಹೋದ ಮೇಲೆ ಯಾರು ಬರ್ತಾರೆ ನಿನ್ನ ನೋಡಾಕೆ? ಊರಿನೋರು ಮದೀಹಾ ಫೀಸು ಕಟ್ತಾರಾ? ದೊಡ್ಡ ಹರಿಶ್ಚಂದ್ರ ಇವಳು!" ಅಂತ ಬಾಯಿಗೆ ಬಂದಂಗೆ ಅಂದುಬಿಟ್ಟೆ. ಮುಂದಿನ ಸೀಟಿನೋರು ತಿರುಗಿ ನೋಡಿದ್ರು. ಅವಳ ಕಣ್ಣು ತುಂಬಿದ್ದು ಕಾಣ್ತಿತ್ತು. ಆ ದುಡ್ಡು ಅವಳಿಗೆ ಬ್ಯಾಡಾಗಿತ್ತು ಅಂತ ಯಾರೂ ತಿಳ್ಕಬ್ಯಾಡ್ರಿ.

"ಬೇರೆಯೋರದು ಹಾಳಾಗಿ ಹೋಗ್ಲಿ, ನನ್ನ ಹೆಸರಾದ್ರೂ ಬರೀಬಹುದಿತ್ತಲ್ಲ? ಸೈಟು ಐತೆ, ಸಾಲಾನೂ ಬೇಕು. ನಿನ್ನ ಲೆಕ್ಕಕ್ಕೆ ಒಂದು ಗಿರಾಕಿ ಆಗ್ತಿತ್ತು" ಅಂದೆ.

"ಬರೆದಿದ್ರೆ ನಿಮ್ಮಣ್ಣ ನಾಳೆ ಬೆಳಿಗ್ಗೆ ಫಾರಂ ಹಿಡಕಂಡು ನಿಮ್ಮನೆಗೆ ಬರ್ತಿದ್ದ" ಅಂದ್ಲು. "ಬಾಗಿಲು ತೆಗೆಯೋರು ಯಾರು?"

"ಅತ್ತೆ."

"ನಿಮ್ಮತ್ತೆ ಬ್ಲೌಸನ್ನೂ ನಾನೇ ಹೊಲಿಯೋದು ಸಂಧ್ಯಾ" ಅಂದ್ಲು.

ನನ್ನ ಸಿಟ್ಟೆಲ್ಲ ಜರ್ರನೆ ಇಳೀತು. ನನ್ನ ಗುಟ್ಟನ್ನ ನಾನೇ ಇಪ್ಪತ್ತು ಗೆರೆಯ ಹಾಳೆಗೆ ಹಾಕಾಕೆ ಹೊರಟಿದ್ನಲ್ಲ! ಯಾರೋ ಮೂರನೆಯೋರ ಬಾಯಿಂದ, ಅದೂ ಸಾಲದ ಫಾರಂ ನೋಡಿ, ಅತ್ತೆಗೆ ಗೊತ್ತಾಗಿದ್ರೆ ಅವರ ಮುಖ ಹೆಂಗೆ ನೋಡ್ತಿದ್ದೆ?

ಅವತ್ತಿಂದ ಜಹಾನಾರಕ್ಕನ ಹುಕ್ಸು, ಕಾಜಾ ಕೆಲಸ ಪೂರ್ತಿ ನಾನೇ ಮಾಡಿಕೊಡ್ತಿದೀನಿ. ಕೂಲಿ ಕೊಡಾಕೆ ಬಂದ್ರೆ ಬೈತೀನಿ. ಅವಳು ಮಿಷನ್ ಬಿಡಲಿಲ್ಲ, ಮದೀಹಾ ಓದೂ ನಿಲ್ಲಲಿಲ್ಲ. ನನ್ನಿಂದ ಆಗೋದು ಇಷ್ಟೇ, ಅವಳು ಮಾಡಿದ್ದಕ್ಕೆ ಇದು ಯಾವ ಮೂಲೆಗೂ ಸಾಲಲ್ಲ. ಅವಳು ಮಾಡಿದ್ದು ಎಷ್ಟು ಅಂತ ನನಗೆ ಪೂರ್ತಿ ಗೊತ್ತಾಗಿದ್ದು ಅದೇ ದಿನ, ಮನೆಗೆ ಹೋದ ಮೇಲೆ.

ಅತ್ತೆ ಪಡಸಾಲೇನಾಗೆ ಕುಂತು ಮೆಂತ್ಯ ಸೊಪ್ಪು ಬಿಡಿಸ್ತಿದ್ರು. ನಾನು ಚಪ್ಪಲಿ ಬಿಟ್ಟೋಳೇ ಅವರ ಮುಂದೆ ಕುಂತು, ಇನ್ನು ತಡೆಯಾಕೆ ಆಗದೆ, ಸೈಟಿನ ವಿಷಯ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅತ್ತೆ ತಲೆ ಎತ್ತಲಿಲ್ಲ. "ಗೊತ್ತು" ಅಂದ್ರು. "ನಿನ್ನ ಗಂಡನ ಅಂಗಿ ಒಗೆಯಾಕೆ ಹಾಕುವಾಗ ಜೇಬಿನಾಗೆ ಕಂದಾಯದ ರಸೀದಿ ಸಿಕ್ತು. ನಿನ್ನ ಹೆಸರಿತ್ತು. ಎರಡು ವರ್ಷ ಆಗ್ತಾ ಬಂತು. ನೀವಾಗೇ ಹೇಳ್ತೀರಿ ಅಂತ ಕಾದೆ."

ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿ ಅತ್ತೆ ಮಾತು ಮುಂದುವರಿಸಿದ್ರು.

"ಆ ಮನೇನಾಗೆ ನನಗೊಂದು ಕೋಣೆ ಇಡ್ತೀರೋ ಇಲ್ವೋ ಅಂತ ಜಹಾನಾರನ ಮುಂದೆ ಎಷ್ಟು ಸಲ ಅತ್ತೀನೋ. 'ಸೊಸೇನೇ ಕೇಳ್ರಿ ಅಮ್ಮಾ' ಅಂತಾಳೆ, ಅದರ ಮೇಲೆ ಒಂದಕ್ಷರ ಬಿಡಲ್ಲ ಆ ಹೆಂಗಸು. ನಿನಗೂ ಹೇಳಲಿಲ್ವಾ?"

"ಇಲ್ಲ ಅತ್ತೆ, ಹೇಳಲಿಲ್ಲ" ಅಂದೆ. ಅಳು ತಡೀಲಿಲ್ಲ. ಅವರ ಕೈ ಹಿಡಕಂಡೆ. "ಐತೆ ಅತ್ತೆ. ದೇವರ ಮನೆ ಪಕ್ಕದ್ದು. ನಕ್ಷೆ ಬರೆಸಿದ ದಿನಾನೇ ಅದು ನಿಮ್ಮ ಕೋಣೆ ಅಂತ ಬರೆಸೀವಿ."