ಕಲೆಯಾಗದ ಹಾಸಿಗೆ

ಹಾಸಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಚಕ್ಕ ಅಂತಲೇ ಕರೆಯುತ್ತಿದ್ದರು. ಹಾಸಿಗೆಯ ನಾಲ್ಕೂ ಅಂಚಿಗೆ ಪಟ್ಟಿ ಕೂರಿಸಿ ಹೊಲಿಯುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದನ್ನೇ ಮಾಡಿಕೊಂಡು ಬಂದವಳು, ಮಲಗುತ್ತಿದ್ದುದು ಮಾತ್ರ ಚಾಪೆಯ ಮೇಲೆ. ಇದರಲ್ಲಿ ಯಾರಿಗೂ ವಿಚಿತ್ರ ಕಂಡಿರಲಿಲ್ಲ, ಅವಳಿಗೂ. ಊರಿನ ಅರ್ಧ ಜನರ ಬೆನ್ನಿಗೆ ಮೆತ್ತಗೆ ಮಾಡಿಕೊಡುವವರ ಬೆನ್ನು ನೆಲಕ್ಕೇ ಅಂತ ಯಾರೋ ಯಾವತ್ತೋ ತೀರ್ಮಾನ ಮಾಡಿಯಾಗಿದೆ.

ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟುನಿಟ್ಟು ಎಂದರೆ ಕಲೆ ಆಗಕೂಡದು. ಹೊಲಿಗೆ ಮುಗಿದ ತಕ್ಷಣ ಹಾಸಿಗೆಗೆ ಪ್ಲಾಸ್ಟಿಕ್ ಹೊದಿಸಬೇಕು. ಬೆವರಿನ ಕೈ ಗುರುತು ಬಿದ್ದರೂ ಮೇಸ್ತ್ರಿ ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದ. "ನಿಮ್ಮಪ್ಪನ ಮನೆ ಹಾಸಿಗೆ ಅಂದ್ಕೊಂಡ್ರಾ?" ವರ್ಷಗಟ್ಟಲೆ ಕೇಳಿ ಕೇಳಿ ಆ ಹೆದರಿಕೆ ಅವಳ ಕೈಗೇ ಇಳಿದಿತ್ತು. ಪ್ಲಾಸ್ಟಿಕ್ ಇಲ್ಲದ ಹೊಸ ಹಾಸಿಗೆ ಕಂಡರೆ ಬಟ್ಟೆಯಿಲ್ಲದ ಮನುಷ್ಯರನ್ನು ಕಂಡ ಹಾಗೆ ಮುಖ ತಿರುಗಿಸುತ್ತಿದ್ದಳು.

ಅಂಚಕ್ಕನ ಸ್ವಂತ ಅಕ್ಕ ಸತ್ತಾಗ ಅಕ್ಕನ ಮಗಳಿಗೆ ಆರು ವರ್ಷ. ಕಾಲು ಮಾತ್ರ ಉದ್ದುದ್ದ ಬೆಳೆದಿದ್ದ ಆ ಹುಡುಗಿಯನ್ನು ಎಲ್ಲರೂ ಮಿಡತೆ ಅನ್ನುತ್ತಿದ್ದರು. "ಇನ್ನೊಂದು ಬಾಯಿ ಈ ಮನೆಗೆ ಬೇಡ" ಅಂದ ಅಂಚಕ್ಕನ ಗಂಡ. ಮಗು ಅನಾಥಾಲಯ ಸೇರಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮಹಾರಾಯ ತನ್ನ ಬಾಯಿಯನ್ನೂ ಎತ್ತಿಕೊಂಡು ಬೇರೆಲ್ಲೋ ಹೋದ. ಅವನು ಹೋದ ಮಾರನೇ ದಿನವೇ ಅಂಚಕ್ಕ ಮಗುವನ್ನು ಕೇಳಲು ಹೋದಳು.

ಮಕ್ಕಳ ಇಲಾಖೆಯ ಮೇಡಂ ಮನೆಗೆ ಬಂದು ಕಣ್ಣಾಡಿಸಿದರು. "ಮಗುಗೆ ಬೇರೆ ರೂಮಿರಬೇಕು. ಸ್ವಂತ ಮಂಚ ಇರಬೇಕು."

"ನನ್ನ ಪಕ್ಕದಲ್ಲೇ ಮಲಗಿಸ್ಕೋತೀನಿ ಮೇಡಂ. ನಾನು, ನಮ್ಮಕ್ಕ ಹಂಗೇ ಬೆಳೆದಿದ್ದು."

"ಅದೇ ಬೇಡ ಅಂತಿರೋದು. ಮಂಚ ತನ್ನಿ, ಒಂದು ತಿಂಗಳು ಕಳಿಸ್ತೀವಿ. ಆಮೇಲೆ ಬಂದು ನೋಡಿ ಹೇಳ್ತೀನಿ, ಇರಬೇಕೋ ಬೇಡ್ವೋ ಅಂತ."

ಎರಡು ವರ್ಷದಿಂದ ಮಗುವಿಗೆ ತಬ್ಬಿಕೊಳ್ಳುವವರಿಲ್ಲ ಅನ್ನುವುದು ಯಾವ ಇಲಾಖೆಗೂ ಅವಸರದ ವಿಷಯ ಆಗಿರಲಿಲ್ಲ. ಮಂಚ ಇಲ್ಲ ಅನ್ನುವುದು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ಅಂಚಕ್ಕ ಇದ್ದೊಂದು ಕೋಣೆಯನ್ನು ಖಾಲಿ ಮಾಡಿದಳು. ಕಾರ್ಖಾನೆಯಲ್ಲಿ ಪಕ್ಕದಲ್ಲಿ ಕೂತು ಹತ್ತಿ ತುಂಬುವ ಗೆಳತಿ ಕೇಳಿದಳು, "ಅಯ್ಯೋ ತಾಯಿ, ನೀನೆಲ್ಲಿ ಮಲಗ್ತೀಯೇ?"

"ಅಡುಗೆಮನೇಲಿ, ಒಲೆ ಪಕ್ಕ. ಬೆಚ್ಚಗಿರುತ್ತೆ."

"ಬೆಕ್ಕು ಬಂದು ಜಾಗ ಬಿಡು ಅಂದ್ರೆ?"

"ಅದಕ್ಕೂ ಒಂದು ಮಂಚ ತರ್ತೀನಿ ಬಿಡೇ."

ಅಂಗಡಿಯಲ್ಲಿ ಕಾರಿನ ಆಕಾರದ ಮಂಚ, ಏಣಿ ಹತ್ತಿ ಮಲಗುವ ಮಂಚ, ಗೊಂಬೆ ಚಿತ್ರ ಅಂಟಿಸಿದ ಮಂಚ ಎಲ್ಲ ಇದ್ದವು. ಅಂಚಕ್ಕ ಒಂದೊಂದನ್ನೂ ಹಿಡಿದು ಅಲ್ಲಾಡಿಸಿದಳು. ಹಲಗೆ ಕೆಳಗೆ ಕೈ ಹಾಕಿ ಮೊಳೆ ತುದಿ ಹೊರಗೆ ಬಂದಿದೆಯಾ ಅಂತ ಸವರಿದಳು. ಏಣಿಯ ಮಂಚದಿಂದ ಮಗು ಬಿದ್ದೀತು, ಕಬ್ಬಿಣದ್ದು ಮೊಣಕಾಲಿಗೆ ಬಡಿದೀತು.

"ಮಗು ಎಷ್ಟು ಎತ್ತರ ಇದೆಯಮ್ಮ?" ಅಂಗಡಿಯವನು ಕೇಳಿದ.

ಅವಳು ಸೊಂಟದ ಹತ್ತಿರ ಕೈ ಹಿಡಿದಳು, ಯೋಚಿಸಿ ಎದೆಯ ತನಕ ಎತ್ತಿದಳು. "ಕಾಲು ಉದ್ದ. ಒಂದಿಷ್ಟು ದೊಡ್ಡದೇ ಕೊಡಿ."

ಕೊನೆಗೆ ಆರಿಸಿದ್ದು ಕುಳ್ಳಗಿನ ಮರದ ಮಂಚ. ಮೂಲೆಗಳನ್ನು ದುಂಡಗೆ ಉಜ್ಜಿದ್ದರು, ಹಳದಿ ಬಣ್ಣ. ಹಾಸಿಗೆ ಅವಳ ಕಾರ್ಖಾನೆಯದೇ. ಅಂಚು ನೋಡಿ ತನ್ನ ಹೊಲಿಗೆ ಯಾವುದು ಅಂತ ಹುಡುಕಿ ಅದನ್ನೇ ತಂದಳು.

ಮಿಡತೆ ಬಂದ ದಿನ ಮಂಚವನ್ನು ಬಾಗಿಲಿನಿಂದಲೇ ನೋಡಿ ನಿಂತಳು. "ನಂದಾ ಚಿಕ್ಕಮ್ಮ?"

"ನಿಂದೇ ಕಣೇ. ಹುಷಾರು ಆಯ್ತಾ, ಕಲೆ ಆಗಬಾರದು."

ಬೇಕಂತ ಆಡಿದ ಮಾತಲ್ಲ. ಮೇಸ್ತ್ರಿಯ ಮಾತು ಅವಳ ಬಾಯಲ್ಲಿ ಬಂದಿತ್ತು, ಅಷ್ಟೇ. ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ, ಅದರ ಮೇಲೇ ತೆಳುವಾದ ಹೊದಿಕೆ ಹಾಸಿದ್ದಳು. ಮೇಡಂ ಬಂದಾಗ ಹಾಸಿಗೆ ಹೊಸದರ ಹಾಗೆ ಇರಬೇಕಲ್ಲ.

ಬೆಳಗ್ಗೆ ನೋಡಿದರೆ ಮಗು ಮಂಚದ ಕೆಳಗೆ ಮುದುಡಿಕೊಂಡು ಮಲಗಿತ್ತು. ಮಾರನೇ ದಿನವೂ ಅಷ್ಟೇ. ಆಟ ಅಂದುಕೊಂಡಳು ಅಂಚಕ್ಕ. ಗದರಿದಳು, ರಮಿಸಿದಳು, ತಾನೇ ಎತ್ತಿ ಮಲಗಿಸಿದಳು. ಬೆಳಗಾಗುವಷ್ಟರಲ್ಲಿ ಮತ್ತೆ ಕೆಳಗೆ. ಉಳಿದಂತೆ ಹುಡುಗಿ ನಗುತ್ತಿದ್ದಳು, ತಟ್ಟೆ ಬಳಿದು ಉಣ್ಣುತ್ತಿದ್ದಳು, ಚಿಕ್ಕಮ್ಮನ ಗೆಳತಿಯ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು.

ಮೇಡಂ ಬರುವ ಹಿಂದಿನ ದಿನ ತಲೆ ಬಾಚಿಸಿಕೊಳ್ಳುತ್ತಾ ಮಿಡತೆ ತಾನಾಗಿಯೇ ಹೇಳಿದಳು. "ಅಲ್ಲಿ ಅನಾಥಾಲಯದಲ್ಲಿ ಒದ್ದೆ ಮಾಡ್ಕೊಳ್ಳೋರಿಗೆ ಮಾತ್ರ ಪ್ಲಾಸ್ಟಿಕ್ ಹಾಕ್ತಿದ್ರು. ಮಗ್ಗುಲಾದ್ರೆ ಪರಪರ ಅನ್ನುತ್ತೆ. ಸದ್ದು ಕೇಳಿದ್ರೆ ಆಯಾ ಬಂದು ಎಬ್ಬಿಸಿ ನಿಲ್ಲಿಸ್ತಿದ್ರು. ಒದ್ದೆ ಮಾಡಿಲ್ಲ ಅಂದ್ರೂ."

ಅಂಚಕ್ಕನ ಕೈಯಲ್ಲಿ ಬಾಚಣಿಗೆ ನಿಂತಿತು. "ನಾಳೆ ಒಂದು ದಿನ ಇರಲಿ ಮರೀ. ಮೇಡಂ ನೋಡ್ಕೊಂಡು ಹೋಗ್ಲಿ. ಆಮೇಲೆ ಇಬ್ಬರೂ ಸೇರಿ ಕಿತ್ತು ಬಿಸಾಕೋಣ."

ಒಂದೇ ಒಂದು ದಿನ. ಜೀವಮಾನವಿಡೀ ಹೆದರಿಕೊಂಡೇ ಬಂದವರಿಗೆ ಒಂದು ದಿನ ಮುಂಚೆ ಧೈರ್ಯ ಬಾ ಅಂದರೆ ಬರುತ್ತದೆಯೇ?

ಮೇಡಂ ಬಂದರು. ಕೊಟ್ಟ ಚಹಾವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು, ಮುಟ್ಟಲಿಲ್ಲ. ಹೊದಿಕೆ ಎತ್ತಿ ನೋಡಿದರು. "ಪ್ಲಾಸ್ಟಿಕ್ ಕೂಡ ತೆಗೆದಿಲ್ವಲ್ಲಮ್ಮ. ತೋರಿಸೋಕೆ ತಂದಿದ್ದಾ ಇದು?"

"ಇಲ್ಲ ಮೇಡಂ, ಕೊಳೆಯಾಗಬಾರದು ಅಂತ..."

"ಮಗು ಎಲ್ಲಿ ಮಲಗುತ್ತೆ?"

ಅಂಚಕ್ಕನ ಕಣ್ಣು ಮಂಚದ ಕೆಳಗೆ ಹೋಯಿತು. ಮಿಡತೆಯೇ ಮುಂದೆ ಬಂದಳು. "ಇಲ್ಲೇ ಮಲಗ್ತೀನಿ" ಅಂದವಳೇ ಹತ್ತಿ ಮಲಗಿ, ಕಣ್ಣು ಬಿಗಿಯಾಗಿ ಮುಚ್ಚಿದಳು. ಕಾಲು ನಡುಗುತ್ತಿತ್ತು. ನಡುಗಿದಂತೆಲ್ಲ ಪ್ಲಾಸ್ಟಿಕ್ ಪರಪರ ಅಂದಿತು. ಆ ಸದ್ದಿಗೆ ಇನ್ನಷ್ಟು ನಡುಗಿದಳು. ಆಮೇಲೆ ಹೊದಿಕೆ ತೊಯ್ದಿತು. ಉಚ್ಚೆ ಪ್ಲಾಸ್ಟಿಕ್ಕಿನ ಮೇಲಿಂದ ಜಾರಿ, ಮಂಚದ ಅಂಚಿನಿಂದ ಮೇಡಂ ಚಪ್ಪಲಿಯ ಪಕ್ಕಕ್ಕೆ ತೊಟ್ಟಿಕ್ಕಿತು.

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಅವರ ದನಿ ಕೆಟ್ಟದಾಗಿರಲಿಲ್ಲ, ಅದೇ ಕೆಟ್ಟದ್ದು. "ಈ ಮನೇಲಿ ಮಗು ಹೆದರಿದೆಯಮ್ಮ. ಸದ್ಯಕ್ಕೆ ಕರ್ಕೊಂಡು ಹೋಗ್ತೀನಿ. ಬೇಕಿದ್ರೆ ಮತ್ತೆ ಕೇಳಿ, ಮತ್ತೆ ಬಂದು ನೋಡ್ತೀವಿ."

ಎಲ್ಲಿ ಹೆದರಲು ಕಲಿತಿತ್ತೋ ಅಲ್ಲಿಗೇ ಮಗು ಹೊರಟಿತು. ಅಂಚಕ್ಕ ಮೇಡಂ ಕೈ ಹಿಡಿದಳು, ಅಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ ಅಂದಳು. "ಎಲ್ಲರೂ ಹೀಗೇ ಹೇಳ್ತಾರೆ" ಅಂದರು ಮೇಡಂ. ಬಟ್ಟೆ ಬದಲಿಸುವಾಗ ಮಿಡತೆ ಚಿಕ್ಕಮ್ಮನ ಕಿವಿಗೆ ಬಾಯಿಟ್ಟಳು. "ಹಾಸಿಗೆಗೆ ಏನೂ ಆಗಿಲ್ಲ ಚಿಕ್ಕಮ್ಮ. ಬೇಕಿದ್ರೆ ನೋಡು."

ಅವರು ಹೋದ ಮೇಲೆ ಅಂಚಕ್ಕ ದಾರ ಕತ್ತರಿಸುವ ಬ್ಲೇಡು ತಂದು ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಸೀಳಿದಳು. ಹುಡುಗಿ ಹೇಳಿದ್ದು ನಿಜ. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ. ಬಿಳಿಯ ಬಟ್ಟೆ, ನೇರ ಹೊಲಿಗೆ. ಮೇಸ್ತ್ರಿ ಮೆಚ್ಚುವಂಥ ಹಾಸಿಗೆ.

ನಾಳೆಯೇ ಹೋಗಿ ಮತ್ತೆ ಕೇಳಬೇಕು. ಮತ್ತೆ ಬಂದು ನೋಡುವವರಿಗೆ ಇಲ್ಲಿ ಯಾರೋ ಮಲಗುತ್ತಾರೆ, ಎದ್ದು ಕೂತು ಏನೋ ಕುಡಿಯುತ್ತಾರೆ, ಚೆಲ್ಲುತ್ತಾರೆ ಅಂತ ಕಾಣಬೇಕು. ಕಿಟಕಿಯ ಕಟ್ಟೆಯ ಮೇಲೆ ಆರಿ ಕೆನೆಗಟ್ಟಿದ್ದ ಚಹಾ ತೆಗೆದುಕೊಂಡಳು. ಹಾಸಿಗೆಯ ಮೇಲೆ ಬಗ್ಗಿಸುವಾಗ ಕೈ ಒಮ್ಮೆ ತಾನಾಗಿಯೇ ಹಿಂದಕ್ಕೆ ಬಂತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡು ಸುರಿದಳು.