ನಲವತ್ತು ದಾಟಿದವರ ತಪಾಸಣೆ

ಎಲ್ಲರೂ ಆಫೀಸಿಗೆ ವಾಪಸು ಬರಬೇಕೆಂದು ಮ್ಯಾನೇಜರ್ ಫೋನ್ ಮಾಡಿದಾಗ ನಾನು ಶನಿವಾರಸಂತೆಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ಆಫೀಸಿನ ಬಿಲ್ ತಯಾರಿಸುತ್ತಿದ್ದೆ. ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುವವಳು. ತೋಟಗಳಿಂದ ಬಂದ ಒಣ ಕಾಫಿಯ ಸಿಪ್ಪೆ ತೆಗೆದು, ಬೀಜವನ್ನು ಗಾತ್ರ ನೋಡಿ ಬೇರೆ ಮಾಡಿ, ಮೂಟೆ ಕಟ್ಟಿ ಕಳಿಸುವ ಜಾಗ ಅದು. ಕೊರೋನಾ ಬಂದಾಗ ಕಂಪನಿಯ ಜೀಪಿನಲ್ಲಿ ಕಂಪ್ಯೂಟರನ್ನು ನಮ್ಮ ಮನೆಗೆ ತಂದಿಟ್ಟು ಹೋಗಿದ್ದರು. ಕಾಯಿಲೆ ಹೋದರೂ ಕಂಪ್ಯೂಟರ್ ವಾಪಸು ಹೋಗಲಿಲ್ಲ. ಸಹಿ ಬೇಕಾದಾಗ ಮಾತ್ರ ನಾನು ಆಫೀಸಿಗೆ ಹೋಗಿಬರುತ್ತಿದ್ದೆ. ಹೀಗೇ ವರ್ಷಗಳು ಕಳೆದಿದ್ದವು.

"ಕಾನೂನೆಲ್ಲ ಬದಲಾಗಿದೆಯಲ್ಲ," ಅಂದರು ಮ್ಯಾನೇಜರ್. "ಕೆಲಸಕ್ಕಿರೋ ಪ್ರತಿಯೊಬ್ಬರಿಗೂ ಅಪಾಯಿಂಟ್‌ಮೆಂಟ್ ಲೆಟರ್ ಕೊಡ್ಬೇಕಂತೆ. ನಲವತ್ತು ದಾಟಿದೋರಿಗೆ ವರ್ಷಕ್ಕೊಂದ್ಸಲ ನಮ್ಮ ಖರ್ಚಲ್ಲಿ ಹೆಲ್ತ್ ಚೆಕಪ್ ಮಾಡಿಸ್ಬೇಕಂತೆ. ಇದನ್ನೆಲ್ಲ ನೀವು ಮನೇಲಿ ಕೂತ್ಕೊಂಡು ಮಾಡಕ್ಕಾಗಲ್ಲ. ಓನರ್ ಸಾಹೇಬ್ರೂ ಎಲ್ಲರೂ ಬರ್ಲಿ ಅಂದಿದ್ದಾರೆ."

ಮತ್ತೆ ಬೆಳಗಿನ ಬಸ್ಸು ಹಿಡಿಯುವ ಬದುಕು ಶುರುವಾಯಿತು. ನನ್ನ ಮೇಜು ಮೊದಲಿದ್ದಲ್ಲೇ ಇತ್ತು, ಗೋದಾಮಿನ ಕಡೆಯ ಕಿಟಕಿಯ ಪಕ್ಕ. ಸಿಪ್ಪೆ ತೆಗೆಯುವ ಮಿಷನ್ನು ಓಡುವಾಗ ಆ ಕಿಟಕಿ ಮುಚ್ಚಿದ್ದರೂ ಕಂದು ದೂಳು ಒಳಗೆ ಬರುತ್ತಿತ್ತು. ಮೇಜು ಒರೆಸಿದರೆ ಊಟದ ಹೊತ್ತಿಗೆ ಮತ್ತೆ ಅದೇ ಬಣ್ಣ.

ಮೊದಲ ದಿನ ಮಧ್ಯಾಹ್ನ ಬುತ್ತಿ ಹಿಡಿದು ಹಿಂದಿನ ಶೆಡ್ಡಿಗೆ ಹೋದೆ. ಕಾಫಿ ಆರಿಸುವ ಹೆಂಗಸರು ಅಲ್ಲಿ ಊಟಕ್ಕೆ ಕೂರುತ್ತಾರೆ. ಬೀಜ ರಾಶಿಯ ಮುಂದೆ ಕೂತು ಕಪ್ಪಾದದ್ದು, ಒಡೆದದ್ದನ್ನು ಕೈಯಲ್ಲೇ ಹೆಕ್ಕಿ ತೆಗೆಯುವುದು ಅವರ ಕೆಲಸ. ಅವರಲ್ಲಿ ಒಬ್ಬರ ಜೊತೆ ನಾನು ಮೊದಲಿಂದಲೂ ಊಟ ಮಾಡುತ್ತಿದ್ದೆ. ಅವರದು ಮಾವನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕದ ಹಳ್ಳಿಯಲ್ಲಿ ನೆಲೆಸಿದ ಒಕ್ಕಲು ಮನೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ನಾನು ಅಕ್ಕ ಅನ್ನುತ್ತೇನೆ. ಮೂಗಿಗೆ ಕಟ್ಟಿದ್ದ ಸೆರಗನ್ನು ಬಿಚ್ಚಿ ನಕ್ಕರು.

"ಬಂದ್ರಾ ಮೇಡಂ? ಎಲ್ರೂ ವಾಪಸ್ ಬರ್ತಾವ್ರೆ ಅಂತ ಕೇಳ್ದೆ."

"ಬಂದೆ ಅಕ್ಕ. ಬರಲೇಬೇಕಂತೆ."

"ನಾವು ಹೋಗಿದ್ರೆ ತಾನೆ ವಾಪಸ್ ಬರಕ್ಕೆ," ಅಂದರು. ಕೊಂಕಿನಿಂದ ಹೇಳಿದ್ದಲ್ಲ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಮುದ್ದೆಯ ಡಬ್ಬಿಯನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಕೆಮ್ಮಿದರು.

ಸ್ವಲ್ಪ ದಿನಕ್ಕೆ ನನಗೂ ಹಿಡಿಯಿತು. ಒಂದು ಬೆಳಗ್ಗೆ ತಲೆ ಬಾಚುತ್ತಾ ಕೆಮ್ಮುತ್ತಿದ್ದಾಗ ನನ್ನ ಗಂಡ ಬಾಗಿಲಲ್ಲಿ ನಿಂತು, "ಇದು ಹಳೇ ಕೆಮ್ಮು ಕಣೇ. ಮನೇಲಿದ್ದಾಗ ಒಂದಿನಾನೂ ಕೆಮ್ಮಿರ್ಲಿಲ್ಲ ನೀನು," ಅಂದರು. ಕೊರೋನಾಕ್ಕೆ ಮೊದಲು ಆಫೀಸಿಗೆ ಹೋಗುತ್ತಿದ್ದ ಅಷ್ಟು ವರ್ಷ ಅದನ್ನು ಚಳಿಗೆ ಬರುವ ಕೆಮ್ಮು ಅಂದುಕೊಂಡು ಶುಂಠಿ ಕಷಾಯ ಕುಡಿದಿದ್ದೆ. ಚಳಿ ನಮ್ಮೂರಿನಲ್ಲೂ ಇದ್ದೇ ಇತ್ತಲ್ಲ.

ತಪಾಸಣೆಯ ದಿನ ಒಬ್ಬ ಡಾಕ್ಟರು, ಒಬ್ಬ ನರ್ಸು ಆಫೀಸಿಗೇ ಬಂದರು. ರಕ್ತ ತೆಗೆದರು, ಒಂದು ಕೊಳವೆಗೆ ಜೋರಾಗಿ ಊದಿಸಿದರು. ನಾನು ಊದಿದ್ದನ್ನು ನೋಡಿ ಡಾಕ್ಟರು ಮತ್ತೊಮ್ಮೆ ಊದಿ ಅಂದರು, ಇನ್ನೊಮ್ಮೆ ಅಂದರು. ಆಮೇಲೆ ನನ್ನ ಮೇಜು ಎಲ್ಲಿದೆ ಎಂದು ಕೇಳಿ ಕಿಟಕಿಯ ತನಕ ಹೋಗಿ ನೋಡಿ ಬಂದರು. "ಶ್ವಾಸಕೋಶ ಸ್ವಲ್ಪ ಸೋತಿದೆ. ಇಲ್ಲಿ ಕೂರಬೇಡಿ," ಅಂದರು. ವರದಿ ಬಂದ ಮೇಲೆ ಸಾಹೇಬರು ತಡ ಮಾಡಲಿಲ್ಲ. ಆಫೀಸಿನ ಮುಂಭಾಗದಲ್ಲಿ, ರಸ್ತೆಯ ಕಡೆಗೆ, ಗಾಜು ಹಾಕಿಸಿದ ಒಂದು ಚಿಕ್ಕ ಕೋಣೆ ಮಾಡಿಕೊಟ್ಟರು. ಕಾನೂನು ನನ್ನ ವಿಷಯದಲ್ಲಿ ಕೆಲಸ ಮಾಡಿತ್ತು. ಅದನ್ನು ಇಲ್ಲ ಅನ್ನಲಾರೆ.

ಆ ವಾರ ಊಟಕ್ಕೆ ಕೂತಾಗ ಅಕ್ಕ ಕೇಳಿದರು. "ನಲವತ್ತಾದೋರ್ಗೆಲ್ಲ ನೋಡ್ತಾರಂತೆ, ಹೌದಾ ಮೇಡಂ? ನಮ್ಗೂ ಐತಾ ಅದು?"

"ಇದೆ ಅಕ್ಕ. ನಿಮಗೇ ಮೊದಲು ಆಗ್ಬೇಕಿತ್ತು."

"ಹಂಗಾದ್ರೆ ಒಂದು ಮಾತು ಕೇಳಿ ನೋಡಿ. ಈ ಕೆಮ್ಮು ಏನು ಅಂತಾನಾದ್ರೂ ಗೊತ್ತಾಯ್ತದೆ."

ಅವತ್ತೇ ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಅವ್ರು ನಮ್ಮ ಜನ ಅಲ್ವಲ್ಲ. ಕಂಟ್ರಾಕ್ಟರ್ ಕಡೆಯವ್ರು. ಅವ್ರಿಗೆ ಮಾಲೀಕ ಅವ್ನೇ, ಚೆಕಪ್ಪೂ ಅವ್ನೇ ಮಾಡಿಸ್ಬೇಕು," ಅಂದರು.

"ಕೆಲಸ ಮಾಡೋದು ನಮ್ಮ ಜಾಗದಲ್ಲಿ ಅಲ್ವಾ ಸಾರ್? ದೂಳು ನಮ್ಮ ಮಿಷನ್ದು."

"ಅವ್ನಿಗೆ ಹೇಳ್ತೀನಿ. ಖಂಡಿತ ಹೇಳ್ತೀನಿ."

ಹೇಳಿದರು ಕೂಡ. ಕಂಟ್ರಾಕ್ಟರ್ ಹೆಂಗಸರನ್ನು ಜೀಪಿನಲ್ಲಿ ಕರೆತಂದು ಬಿಡುವ ಮನುಷ್ಯ. ನನ್ನ ಕೋಣೆಗೂ ಬಂದು, "ಎಂತ ಮೇಡಂ ಇದು, ಇಷ್ಟು ಜನಕ್ಕೆ ಡಾಕ್ಟರ್, ಟೆಸ್ಟ್ ಅಂತ ಹೋದ್ರೆ ನನ್ಗೆ ಎಂತ ಉಳೀತದೆ?" ಅಂತ ಕೇಳಿದ. ಕಾನೂನಿನಲ್ಲಿ ಹಾಗೇ ಇದೆ ಎಂದೆ. ತಲೆಯಾಡಿಸಿ ಹೋದ.

ಸೋಮವಾರ ಜೀಪು ಬಂದಾಗ ಅದರಿಂದ ಇಳಿದವರೆಲ್ಲ ಚಿಕ್ಕ ವಯಸ್ಸಿನವರು. ಮಧ್ಯಾಹ್ನ ಶೆಡ್ಡಿಗೆ ಹೋಗಿ ನೋಡಿದರೆ ಅಕ್ಕ ಇರಲಿಲ್ಲ. ಅವರ ವಯಸ್ಸಿನ ಯಾರೂ ಇರಲಿಲ್ಲ. ಹೊಸ ಹುಡುಗಿಯೊಬ್ಬಳು ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟಳು. ನಾನು ಕೂರದೆ ನೇರ ಮ್ಯಾನೇಜರ್ ಕೋಣೆಗೆ ಹೋದೆ.

"ಅವ್ನು ಯಾರನ್ನ ಕರ್ಕೊಂಡು ಬರ್ತಾನೋ ಅದು ಅವ್ನಿಗೆ ಬಿಟ್ಟಿದ್ದು," ಅಂದರು ಅವರು. "ನಲವತ್ತರೊಳಗಿನೋರಾದ್ರೆ ಅವ್ನಿಗೆ ಈ ಗೊಡವೆ ಇಲ್ಲ. ನಾನೇನು ಮಾಡ್ಲಿ ಹೇಳಿ." ಸಾಹೇಬರಿಗೂ ಹೇಳಿದೆ. ನೋಡೋಣ ಅಂದರು. ಕಾರ್ಮಿಕ ಇಲಾಖೆಗೆ ಹೋಗಿ ಹೇಳಬಹುದೆಂದು ನನ್ನ ಗಂಡ ಅಂದಾಗ ಒಂದು ದಿನ ರಜೆ ಹಾಕಿ ಮಡಿಕೇರಿಗೂ ಹೋಗಿಬಂದೆ. ಅಲ್ಲಿದ್ದ ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡರು. ಕೆಲಸ ಕಳಕೊಂಡವರೇ ಬಂದು ದೂರು ಕೊಡಬೇಕು ಅಂದರು.

ಅದನ್ನು ಹೇಳಲು ಅಕ್ಕನ ಮನೆಗೆ ಹೋಗಬೇಕೆಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಅವರೇ ಸಿಕ್ಕರು. ಕೈಕಾಲಿಗೆಲ್ಲ ಕೆಂಪು ಮಣ್ಣು. ಶುಂಠಿ ಕೀಳುವ ಕೆಲಸಕ್ಕೆ ಹೋಗುತ್ತಿದ್ದಾರಂತೆ, ಅದೂ ಕರೆದ ದಿನ ಮಾತ್ರ. ಅವರೇ ನನ್ನ ತೋಳು ಮುಟ್ಟಿ, "ನೀವು ಕೆಮ್ಮಾದು ಕಮ್ಮಿ ಆಯ್ತಾ?" ಅಂತ ಕೇಳಿದರು.

"ಆಯ್ತು ಅಕ್ಕ. ನಿಮಗೆ?"

"ನಂಗೂ ಆಗೈತೆ. ಬಯಲಲ್ಲಿ ಗಾಳಿ ಚೆನ್ನಾಗೈತೆ. ಸೊಂಟನೇ ಬಗ್ಗಕಿಲ್ಲ ಅಂತದೆ."

ದೂರಿನ ವಿಷಯ ಹೇಳಿದೆ. ಮಡಿಕೇರಿಗೆ ನಾನೇ ಜೊತೆಗೆ ಬರುತ್ತೇನೆ, ಬಸ್ಸಿನ ಖರ್ಚು ನೋಡಿಕೊಳ್ಳುತ್ತೇನೆ ಎಂದೆ. ಅವರು ಬೇಡ ಅಂತ ಕೈಯಾಡಿಸಿದರು. "ನಮ್ಮ ಸೊಸೇನ ಈಗ ಅದೇ ಕಂಟ್ರಾಕ್ಟರ್ ಕರ್ಕೊಂಡೋಯ್ತಾವ್ನೆ ಮೇಡಂ. ನಿಮ್ಮಲ್ಲಿಗೇ ಬರ್ತಾಳೆ, ಕಾಫಿ ಆರಿಸಕ್ಕೆ. ನಾನು ದೂರು ಕೊಟ್ರೆ ಅವಳ್ದೂ ಹೋಯ್ತದೆ."

ಶೆಡ್ಡಿನಲ್ಲಿ ನನಗೆ ಜಾಗ ಮಾಡಿಕೊಟ್ಟ ಹುಡುಗಿ ಅವಳೇ ಇರಬಹುದು ಅನ್ನಿಸಿತು. ನಮ್ಮೂರ ಕಡೆಗೆ ಹೋಗುವ ಸೋಮವಾರಪೇಟೆ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಹತ್ತಿ ಹೋಗಿ, ಲೇಟಾಯ್ತದೆ ಅಂತ ಅಕ್ಕ ನನ್ನ ಬೆನ್ನಿಗೆ ಕೈಕೊಟ್ಟು ಮೆಟ್ಟಿಲ ತನಕ ತಳ್ಳಿದರು. ನಾನು ಹತ್ತಿ, ಕಂಬಿ ಹಿಡಿದು ನಿಂತೆ.