ಬಾಕಿ ಉಳಿದ ಎರಡು ಕೂಗು

ಹೋದ ವಾರ ಹಾಸನದ ರಿಪೇರಿ ಅಂಗಡಿಯವನೊಬ್ಬ ನನ್ನನ್ನು ನೋಡಿ ನಕ್ಕ.

ತಪ್ಪು ಅವನದಲ್ಲ. ನಲವತ್ತು ದಾಟಿದ, ಕನ್ನಡಕ ಹಾಕಿದ ಮನುಷ್ಯನೊಬ್ಬ ಬಂದು, "ಪುಟ್ಟ ಮನುಷ್ಯ ಒಬ್ಬ ಲಾಟೀನು ಹಿಡ್ಕೊಂಡು ಬಾವಿಗೆ ಇಳೀತಾನೆ, ಬಾವಲಿಗಳು ಮೇಲೆ ಬೀಳ್ತವೆ, ಆ ವಿಡಿಯೋ ಗೇಮ್ ಹೆಸರೇನು?" ಅಂತ ಕೇಳಿದರೆ ಯಾರು ತಾನೆ ನಗುವುದಿಲ್ಲ?

"ಅಂಗಂದ್ರೆ ಎಂಗ್ ಸಾ ಗೊತ್ತಾಯ್ತದೆ? ಕ್ಯಾಸೆಟ್ ಮ್ಯಾಲೆ ಏನಿತ್ತು?"

"ಮೋಟರ್‌ಬೈಕ್ ಚಿತ್ರ."

"ಒಳ್ಗೆ ಬೈಕ್ ಇತ್ತಾ?"

"ಇಲ್ಲ. ಬಾವಿ."

"ಬೈಕ್ ತೋರ್ಸಿ ಬಾವಿಗ್ ತಳ್ಬುಟ್ಟವ್ರೆ ಬುಡಿ ಸಾ!" ತನ್ನ ಜೋಕಿಗೆ ತಾನೇ ನಕ್ಕು ಯಾರದೋ ಮಿಕ್ಸಿ ಬಿಚ್ಚತೊಡಗಿದ. ಒಂದು ಕಾಲದಲ್ಲಿ ಟಿವಿ ಗೇಮ್‌ಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದ ಅಂತ ಯಾರೋ ಹೇಳಿದ್ದರು. ಅದಕ್ಕೇ ಹೋಗಿದ್ದೆ.

ನೆಟ್‌ನಲ್ಲೂ ಹುಡುಕಿದ್ದಾಯಿತು. ಅರ್ಧಂಬರ್ಧ ನೆನಪಿರುವ ಹಳೆ ಗೇಮ್‌ಗಳನ್ನು ಗುರುತು ಹಿಡಿದು ಹೇಳುವ ಗುಂಪುಗಳಿವೆ. (ಹೌದು, ಇದಕ್ಕೂ ಇವೆ.) ಯಾವುದೋ ದೇಶದವರು ಪೊಲೀಸರ ಹಾಗೆ ವಿಚಾರಿಸುತ್ತಾರೆ. ಟೋಪಿ ಯಾವ ಬಣ್ಣ? ನೀಲಿ ಅಂತ ನೆನಪು. ಆದರೆ ನಮ್ಮ ಟಿವಿಯಲ್ಲಿ ಎಲ್ಲರೂ ಸ್ವಲ್ಪ ನೀಲಿಯೇ. ಮ್ಯೂಸಿಕ್ ಹೇಗಿತ್ತು? ಅಮ್ಮನಿಗೆ ತಲೆನೋವು ಬರುತ್ತೆ ಅಂತ ಸೌಂಡ್ ಇಡುತ್ತಲೇ ಇರಲಿಲ್ಲ. ಕೊನೆಗೆ ಏನಾಗುತ್ತದೆ?

ಅದನ್ನು ತಿಳಿಯಬೇಕೆಂದೇ ನಾನು ಹುಡುಕುತ್ತಿರುವುದು.

ಯಾಕೆಂದರೆ ಆ ಆಟ ನನ್ನದಲ್ಲ, ಅಕ್ಕನದು. ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ಈ ಎಂಟು ತಿಂಗಳು ಇದೇ ಅಂಕಣದಲ್ಲಿ ರಸ್ತೆಗುಂಡಿ, ಮದುವೆ ಊಟ, ಮೊಬೈಲ್ ರೀಚಾರ್ಜ್ ಎಲ್ಲದರ ಬಗ್ಗೆ ಬರೆದೆ. ಅವಳ ಬಗ್ಗೆ ಬರೆಯಲಾಗಲಿಲ್ಲ.

ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ನನಗೆ ಹತ್ತು ವರ್ಷ, ಅವಳಿಗೆ ಹದಿನಾಲ್ಕು. ಟಿವಿಗೆ ಸಿಕ್ಕಿಸಿ ಆಡುವ ಆ ಗೇಮನ್ನು ಮಾವ "ಇಬ್ರಿಗೂ ಸೇರಿ" ಅಂತ ತಂದುಕೊಟ್ಟಿದ್ದರು. ಇಬ್ಬರಿಗೂ ಅಂದರೆ ನನಗೆ ಅಂತ ನಾನು ತಿಳಿದೆ. ಮನೆಯಲ್ಲಿ ಯಾರೂ ತಿದ್ದಲಿಲ್ಲ.

ಅಕ್ಕನಿಗೆ ಅಡುಗೆ ಕೆಲಸವಿತ್ತು. ಹಾಗಾಗಿ ಅವಳ ಸರದಿಗೆ ನಾನೇ ಒಂದು ಕಾನೂನು ಮಾಡಿದ್ದೆ. ಕುಕ್ಕರ್ ಒಲೆ ಮೇಲಿಟ್ಟು ಬಂದರೆ ಅದು ಕೂಗಿ ಮುಗಿಸುವವರೆಗೆ ಅವಳ ಆಟ. ಅನ್ನಕ್ಕೆ ಮೂರು ಕೂಗು. ಮೂರನೆಯದು ಕೇಳಿಸಿದ ಕೂಡಲೇ ರಿಮೋಟ್ ನನ್ನ ಕೈಗೆ. ಆ ಗೇಮೋ, ಪ್ರತಿ ಸಲ ಬಾವಿಯ ಮೇಲಿನಿಂದಲೇ ಶುರು. ಮೂರು ಕೂಗಿನಲ್ಲಿ ಯಾರಾದರೂ ಎಷ್ಟು ಆಳಕ್ಕೆ ಇಳಿಯಬಹುದು?

ಆದರೆ ಭಾನುವಾರ ಬಾಡು. ಬಾಡಿಗೆ ಎಂಟು ಕೂಗು.

ಅಂಥದೊಂದು ಭಾನುವಾರ ಅವಳು ಇಳಿಯುತ್ತಾ ಹೋದಳು. ನಾನು ಯಾವತ್ತೂ ದಾಟದ ಮೆಟ್ಟಿಲುಗಳನ್ನು ದಾಟಿದಳು. ಆರನೇ ಕೂಗು ಬಂತು. ಬಾವಿಯ ತಳದಲ್ಲಿ ಒಂದು ಪುಟ್ಟ ಬಾಗಿಲು ಕಾಣಿಸಿತು.

"ಲೋ, ತಳ ಬಂತು ಕಣೋ! ಬಾಗ್ಲು ನೋಡೋ!"

ನಾನು ಟಿವಿ ಪಕ್ಕದಲ್ಲಿ ಸ್ವಿಚ್ ಬೋರ್ಡಿಗೆ ಒರಗಿ ನಿಂತಿದ್ದೆ. ಬೆನ್ನ ಹಿಂದೆಯೇ ಕೈ ಹಾಕಿ ಟಿವಿ ಸ್ವಿಚ್ ಆರಿಸಿದೆ.

"ಕರೆಂಟ್ ಹೋಯ್ತು ಕಣಕ್ಕ."

ಅಕ್ಕ ಕಪ್ಪಾದ ಟಿವಿಯನ್ನು ನೋಡಿದಳು. ಆಮೇಲೆ ತಲೆ ಎತ್ತಿ ಮೇಲೆ ನೋಡಿದಳು. ಕರೆಂಟಿನವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದಾಳೆ ಅಂದುಕೊಂಡೆ. "ಹೋಗ್ಲಿ ಬಿಡೋ, ಕಾಯಿ ತುರೀಬೇಕು" ಅಂತ ಎದ್ದು ಅಡುಗೆಮನೆಗೆ ಹೋದಳು.

ಯಾಕೆ ಹಾಗೆ ಮಾಡಿದೆ? ಅವಳು ಗೆಲ್ಲುತ್ತಿದ್ದಳು. ಅಷ್ಟೇ ಕಾರಣ.

ಮತ್ತೆ ಅವಳು ಆ ತಳ ಮುಟ್ಟಲಿಲ್ಲ. ಕೆಲವೇ ವಾರಕ್ಕೆ ಗೇಮ್ ಕೆಟ್ಟುಹೋಯಿತು. ಆಮೇಲೆ ಎಸ್ಸೆಸ್ಸೆಲ್ಸಿ, ಚನ್ನರಾಯಪಟ್ಟಣಕ್ಕೆ ಮದುವೆ, ಮಗಳು. ಹೇಳಬಹುದಿತ್ತು. ಮೂವತ್ತು ವರ್ಷದಲ್ಲಿ ಎಷ್ಟು ಹಬ್ಬ, ಎಷ್ಟು ಊಟ! ಕೊನೆಗೆ ಆಸ್ಪತ್ರೆಯಲ್ಲೂ ಅವಳ ಪಕ್ಕದಲ್ಲೇ ಕೂತಿದ್ದೆ. "ಇಡ್ಲಿ ತಿಂದ್ಯೇನೋ?" ಅಂದಳು. ತಿಂದೆ ಅಂದೆ. ಇಷ್ಟು ಸಣ್ಣ ವಿಷಯ ಈಗ ಯಾಕೆ ಅಂತ ಸುಮ್ಮನಾದೆ. ಸಣ್ಣ ವಿಷಯ ಹೇಳುವುದಕ್ಕೂ ಮನುಷ್ಯರು ಇರಬೇಕಲ್ಲ?

ಮೊನ್ನೆ ಭಾನುವಾರ ಚನ್ನರಾಯಪಟ್ಟಣಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. (ಈಗಲೂ ಬಾಯಲ್ಲಿ ಅದೇ ಬರುತ್ತದೆ, ಅಕ್ಕನ ಮನೆ.) ಅವಳ ಮಗಳು ಸಿಂಚನ ಕಾಲೇಜು ಓದುತ್ತಿದ್ದಾಳೆ, ಇಂಥದೆಲ್ಲ ಹುಡುಕುವುದರಲ್ಲಿ ಚುರುಕು. ಸುಳ್ಳು ಹೇಳಿದ್ದನ್ನು ಬಿಟ್ಟು ಗೇಮಿನ ವಿಷಯ ಮಾತ್ರ ಹೇಳಿದೆ.

"ಓ, ಬಾವಿ ಗೇಮಾ ಮಾಮ? ನಂಗೆ ಊಟ ಮಾಡ್ಸುವಾಗ ಅಮ್ಮ ಅದ್ನೇ ಕಥೆ ಹೇಳೋಳು!"

"ಬಾಗ್ಲು ಹಿಂದೆ ಏನಿತ್ತು ಅನ್ನೋಳು?"

"ದಿನಾ ಒಂದೊಂದು. ಒಂದಿನ ಮಾವಿನ್ ತೋಪು, ಒಂದಿನ ಐಸ್‌ಕ್ರೀಮ್ ಅಂಗ್ಡಿ. ನಿಜ ಹೇಳಮ್ಮ ಅಂತ ಹಟ ಮಾಡಿದ್ರೆ, 'ನೋಡೋಕೆ ಎಲ್ಲಿ ಬಿಟ್ಟ ನಿಮ್ಮಾಮ, ಸ್ವಿಚ್ ಆರಿಸ್ಬುಟ್ಟ' ಅಂತ ನಗೋಳು."

ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. "ಅವ್ಳಿಗೆ ಹೆಂಗೆ ಗೊತ್ತಾಯ್ತಂತೆ?"

ಇದೆಂಥ ಪ್ರಶ್ನೆ ಅನ್ನುವ ಹಾಗೆ ಸಿಂಚನ ನನ್ನ ಮುಖ ನೋಡಿದಳು.

"ತಲೆ ಮೇಲೆ ಫ್ಯಾನ್ ತಿರುಗ್ತಾನೇ ಇತ್ತಂತೆ, ಮಾಮ."

ಒಳಗೆ ಅಡುಗೆಮನೆಯಲ್ಲಿ ಭಾವ ಕುಕ್ಕರ್ ಇಟ್ಟಿದ್ದರು. ಅದು ಕೂಗಿತು. ಅಭ್ಯಾಸ ಬಲದಿಂದ ಎಣಿಸಿದೆ. ಮೂರಕ್ಕೆ ನಿಂತಿತು.

ಗೇಮಿನ ಹೆಸರು ಇಂದಲ್ಲ ನಾಳೆ ಯಾರಾದರೂ ಹೇಳಿಯಾರು. ಆದರೆ ಅವತ್ತು ನಾನು ಕಿತ್ತುಕೊಂಡ ಆ ಎರಡು ಕೂಗುಗಳನ್ನು ಈಗ ಯಾರಿಗೆ ವಾಪಸ್ ಕೊಡಲಿ?